ಸಂಬಳ ಹೆಚ್ಚಿದರೂ ಇಳಿಯದ ಬೇಸರ

ಸಂಬಳ ಹೆಚ್ಚಿದ ಪತ್ರ ಕೈಗೆ ಬಂದಾಗ ಖುಷಿಯಾಯಿತು, ನಿಜ. ಆದರೆ ಮರುವಾರವೇ ಅದೇ ವರದಿ, ಅದೇ ಕೋಷ್ಟಕ, ತಿಂಗಳ ಹೆಸರನ್ನು ಮಾತ್ರ ಬದಲಿಸಿ ಕಳುಹಿಸುವ ಅದೇ ಕಡತ. ಬೇಸರ ಇದ್ದಲ್ಲೇ ಇತ್ತು.

ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಸುಮಾರು 200 ಎಂಜಿನಿಯರ್‌ಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ ಅವರ ತಂಡ ಕಂಡುಕೊಂಡದ್ದಿಷ್ಟು: ಸಂಬಳ, ಮೇಲಧಿಕಾರಿ, ಕಚೇರಿಯ ನಿಯಮಗಳು ಸರಿಯಿಲ್ಲದಿದ್ದರೆ ಅತೃಪ್ತಿ ಹುಟ್ಟುತ್ತದೆ; ಸರಿಹೋದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ತೃಪ್ತಿ ಬರುವುದು ಸಾಧನೆ, ಮನ್ನಣೆ, ಹೊಣೆ, ಬೆಳವಣಿಗೆಯಿಂದ, ಮತ್ತು ಕೆಲಸದ ಒಳಗಿನಿಂದಲೇ. ಈ ಸಿದ್ಧಾಂತವನ್ನು ಟೀಕಿಸಿದವರೂ ಉಂಟು. ನನ್ನ ಸ್ಥಿತಿಗಂತೂ ಅದು ಅಕ್ಷರಶಃ ಹೊಂದುತ್ತದೆ.

ಹಾಗಾಗಿ ರಾಜೀನಾಮೆಯ ಯೋಚನೆಯನ್ನು ಸದ್ಯ ಬದಿಗಿಟ್ಟು, ನನ್ನ ವರದಿಯನ್ನು ಓದಿ ತೀರ್ಮಾನ ತೆಗೆದುಕೊಳ್ಳುವವರು ಯಾರು ಎಂದು ವಿಚಾರಿಸಿದೆ. ಅವರ ಸಭೆಯಲ್ಲಿ ಕೂರುವ ಅವಕಾಶವೂ ಸಿಕ್ಕಿತು. ಅಷ್ಟೂ ಪುಟಗಳಲ್ಲಿ ಅವರು ನೋಡುವುದು ಒಂದೇ ಒಂದು ಅಂಕಣವನ್ನು! ಅದು ಏಕೆ ಏರುಪೇರಾಗುತ್ತದೆ ಎಂಬುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹುಡುಕಿ ಬರೆದುಕೊಡುವ ಹೊಣೆಯನ್ನು ನಾನೇ ಕೇಳಿ ಪಡೆದಿದ್ದೇನೆ. ಸೋಮವಾರದಿಂದ ಶುರು. ಬಹಳ ಕಾಲದ ನಂತರ ಸೋಮವಾರಕ್ಕಾಗಿ ಕಾಯುತ್ತಿದ್ದೇನೆ.