ಬಿಸಿಯಲ್ಲಿ ತೆಗೆದ ಅಳತೆ

12 ಜುಲೈ 2025, ಶನಿವಾರ
ತುಮಕೂರು

ಸಂಜೆ ಅಪ್ಪನ ಜೊತೆ ಅಮಾನಿಕೆರೆಗೆ ಹೋಗಿದ್ದೆ. ಮಂಡಿ ನೋವು, ಅರ್ಧ ಸುತ್ತಿಗೇ ಕೂತುಬಿಟ್ಟರು. "ಹಡಗಲ್ಲಿ ನೀನು ಏನು ಮಾಡ್ತೀಯ, ಸರಿಯಾಗಿ ಹೇಳು" ಅಂದರು. ಇಷ್ಟು ವರ್ಷದಲ್ಲಿ ಕೇಳಿದ್ದು ಇದೇ ಮೊದಲು.

ಹೇಳಿದೆ. ಟರ್ಬೈನಿನ ರೋಟರ್, ಅಂದರೆ ಶಾಫ್ಟ್ ಸಮೇತ ಸುತ್ತುವ ಭಾಗ, ಬೇರಿಂಗ್ ಒಳಗೆ ತಿರುಗುತ್ತದೆ, ನಡುವೆ ತೆಳ್ಳನೆ ಎಣ್ಣೆ. ಬೇರಿಂಗಿನ ಒಳಮೈಗೆ ವೈಟ್ ಮೆಟಲ್. ತವರಕ್ಕೆ ಆಂಟಿಮನಿ, ತಾಮ್ರ ಬೆರೆಸಿದ ಮೆತ್ತನೆ ಲೋಹ. 1839ರಲ್ಲಿ ಐಸಾಕ್ ಬ್ಯಾಬಿಟ್ ತಂದದ್ದು, ಇವತ್ತಿಗೂ ಅದೇ ಜಾತಿ. ಸವೆದರೆ ಅದು ಸವೆಯಲಿ, ಶಾಫ್ಟ್ ಉಳಿಯಲಿ ಅಂತ. ಆದರೆ ಸವೆದಷ್ಟೂ ರೋಟರ್ ಕೆಳಗಿಳಿಯುತ್ತದೆ, ಸೋರದಂತೆ ತಡೆಯುವ ಸೀಲಿನ ಹಲ್ಲಿಗೆ ಉಜ್ಜುತ್ತದೆ. ಅದಕ್ಕೇ ಟರ್ಬೈನ್ ನಿಂತಾಗ ಬೇರಿಂಗ್ ಮುಚ್ಚಳದ ಪ್ಲಗ್ ತೆಗೆದು, ತೂತಿನಲ್ಲಿ ಡೆಪ್ತ್ ಮೈಕ್ರೋಮೀಟರ್ ಇಳಿಸುತ್ತೇವೆ. ಶಾಫ್ಟ್ ಎಷ್ಟು ಆಳದಲ್ಲಿದೆ ಅಂತ ಸಿಗುತ್ತದೆ. ಬೇರಿಂಗ್ ಹೊಸದಿದ್ದಾಗಿನ ಅಳತೆ ಅದರಲ್ಲಿ ಕಳೆದರೆ ಸವೆತ.

ಅಪ್ಪ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. "ನಮ್ಮ ಬೇರಿಂಗು ಕೆಂಪು ಕಲ್ಲು, ಸಾಸಿವೆಗಿಂತ ಚಿಕ್ಕದು" ಅಂದರು. ಆಮೇಲೆ ಕೆರೆ ಕಡೆ ನೋಡುತ್ತಾ, "ಅಳೆಯುವಾಗ ಮೆಷಿನ್ ತಣ್ಣಗಿತ್ತಾ?"

ನನಗೆ ಮಾತು ಹೊರಡಲಿಲ್ಲ.

ಕೊನೇ ಬಂದರಿನಲ್ಲಿ ಸಮಯ ಇರಲಿಲ್ಲ. ಬೇರಿಂಗ್ ಇನ್ನೂ ಬಿಸಿ ಇದ್ದಾಗಲೇ ಅಳೆದೆ. ಹಿಂದಿನ ಸಲಕ್ಕಿಂತ 0.06 ಮಿಲಿಮೀಟರ್ ಜಾಸ್ತಿ ಬಂತು. ರಿಜಿಸ್ಟರಿನಲ್ಲಿ ಅಂಕಿ ಬರೆದೆ, ಎಷ್ಟು ಬಿಸಿ ಇತ್ತು ಅಂತ ಬರೆಯಲಿಲ್ಲ. ಅದರಲ್ಲಿ ಸವೆತ ಎಷ್ಟು, ಲೋಹ ಹಿಗ್ಗಿದ್ದು ಎಷ್ಟು? ನನ್ನ ಜಾಗಕ್ಕೆ ಬಂದ ಹುಡುಗ ಮುಂದಿನ ಸಲ ತಣ್ಣಗೆ ಅಳೆಯುತ್ತಾನೆ. ಅಷ್ಟರಲ್ಲಿ ನಿಜವಾಗಿಯೂ ಸವೆದಿದ್ದರೂ ಅವನಿಗೆ ನನ್ನ ಅಂಕಿಯೇ ಸಿಗಬಹುದು. ಏನೂ ಆಗಿಲ್ಲ ಅಂದುಕೊಂಡು ಪ್ಲಗ್ ಹಾಕಿಬಿಡುತ್ತಾನೆ. ಅಲ್ವಾ? ನನ್ನ ಕೈಯಾರೆ ಬರೆದ ಅಂಕಿ.

ಮನೆಯಲ್ಲಿ ಅಮ್ಮ ಅವರೆಕಾಳು ಸಾರು ಮಾಡಿದ್ದರು. ಎಷ್ಟು ಚೆನ್ನಾಗಿತ್ತು!

ಈಗ ಹನ್ನೊಂದೂವರೆ. ಹಡಗಿಗೆ ಮೇಲ್ ಬರೆದು ಮುಗಿಸಿದೆ: ಆ ಅಳತೆ ಬಿಸಿಯಲ್ಲಿ ತೆಗೆದದ್ದು, ಅದನ್ನು ನಂಬಬೇಡ, ತಣ್ಣಗಾದ ಮೇಲೆ ಎರಡು ಸಲ ತೆಗೆ. ಕಳಿಸುವಷ್ಟರಲ್ಲಿ ಅಪ್ಪ ಒಳಗಿಂದ ಕೂಗಿದರು. ನಿದ್ದೆ ಮಾಡಿಲ್ಲ ಅವರೂ. "ಎಣ್ಣೆ ಬಿಸಿ ಗಂಟೆಗಂಟೆಗೂ ಬರೆದಿಡ್ತೀರಲ್ಲ, ಆವತ್ತಿನ ಪುಟ ತೆಗೆದು ನೋಡಿದ್ರೆ..."