ಟಾರ್ಮೊಗಾಯ್ಫ್ ಏಕೆ ಸಾಯಲಿಲ್ಲ?

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನಾಟ ಆಡುವ ಗೆಳೆಯರ ಮೇಜಿನಲ್ಲಿ, ಕೆಲವೊಮ್ಮೆ ಸಣ್ಣ ಪಂದ್ಯಗಳಲ್ಲಿಯೂ, ನಿಯಮಗಳ ಬಗ್ಗೆ ಸಂದೇಹ ಬಂದಾಗ ಉತ್ತರ ಹೇಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆರಂಭದ ದಿನಗಳಲ್ಲಿಯೇ ಒಬ್ಬ ಆಟಗಾರ ನನ್ನನ್ನು ಕೇಳಿದ: ‘ನನ್ನ ಟಾರ್ಮೊಗಾಯ್ಫ್ ಈಗ 2/3. ಎದುರಾಳಿ ಅದರ ಮೇಲೆ ಲೈಟ್ನಿಂಗ್ ಬೋಲ್ಟ್ ಹಾಕಿದ್ದಾನೆ. ಸಾಯುತ್ತದೆಯೇ?’ ಟಾರ್ಮೊಗಾಯ್ಫ್ ಒಂದು ಕ್ರೀಚರ್, ಅಂದರೆ ಜೀವಿಯ ಕಾರ್ಡ್; 2/3 ಎಂದರೆ ಅದರ ಪವರ್ (ಹೊಡೆಯುವ ಬಲ) 2, ಟಫ್‌ನೆಸ್ (ತಾಳುವ ಬಲ) 3. ಬೋಲ್ಟ್ ಮಾಡುವ ಹಾನಿಯೂ 3. ಆದ್ದರಿಂದ ಸಾಯುತ್ತದೆ ಎಂದು ನಾನು ತಕ್ಷಣ ಹೇಳಿಬಿಟ್ಟೆ. ಆತ ನನ್ನ ಮಾತನ್ನು ನಂಬಿ ಕಾರ್ಡನ್ನು ಗ್ರೇವ್‌ಯಾರ್ಡಿಗೆ, ಅಂದರೆ ಸತ್ತ ಮತ್ತು ಬಳಸಿ ಮುಗಿದ ಕಾರ್ಡುಗಳ ರಾಶಿಗೆ, ಹಾಕಿದ, ಆ ಆಟವನ್ನೂ ಸೋತ. ಮನೆಗೆ ಬಂದು ನಿಯಮಗಳನ್ನು ತೆರೆದು ನೋಡಿದಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು. ಮುಂದಿನ ವಾರ ಅವನಿಗೆ ಅದನ್ನು ಹೇಳಿ ಕ್ಷಮೆ ಕೇಳಿದೆ.

ತಪ್ಪು ಎಲ್ಲಿತ್ತೆಂಬುದನ್ನು ವಿವರವಾಗಿ ಹೇಳಬೇಕು. ಎಲ್ಲ ಆಟಗಾರರ ಗ್ರೇವ್‌ಯಾರ್ಡುಗಳಲ್ಲಿ ಎಷ್ಟು ಬಗೆಯ ಕಾರ್ಡುಗಳಿವೆಯೋ ಅಷ್ಟು ಟಾರ್ಮೊಗಾಯ್ಫಿನ ಪವರ್. ಅದಕ್ಕೆ ಒಂದು ಸೇರಿಸಿದರೆ ಅದರ ಟಫ್‌ನೆಸ್. ಅಂದು ಅಲ್ಲಿದ್ದುದು ಲ್ಯಾಂಡ್ (ಮಾನಾ ಎಂಬ, ಸ್ಪೆಲ್ ಹಾಕಲು ಬೇಕಾದ ಶಕ್ತಿಯನ್ನು ಕೊಡುವ ಕಾರ್ಡ್) ಮತ್ತು ಕ್ರೀಚರ್ ಎಂಬ ಎರಡು ಬಗೆಗಳು ಮಾತ್ರ. ಬೋಲ್ಟ್ ಎಂಬುದು ಇನ್‌ಸ್ಟಂಟ್ ಎಂಬ ಇನ್ನೊಂದು ಬಗೆಯ ಕಾರ್ಡ್. ಅದು ಮೊದಲು 3 ಹಾನಿ ಮಾಡುತ್ತದೆ, ಆಮೇಲೆ ತನ್ನ ಕಾರ್ಯದ ಕೊನೆಯ ಹಂತವಾಗಿ ತಾನೇ ಗ್ರೇವ್‌ಯಾರ್ಡಿಗೆ ಸೇರುತ್ತದೆ. ಯಾವ ಕ್ರೀಚರ್ ಸಾಯಬೇಕು ಎಂಬುದನ್ನು ಆಟವು ಪರಿಶೀಲಿಸುವುದು ಅಷ್ಟೆಲ್ಲ ಮುಗಿದ ಮೇಲೆಯೇ ಹೊರತು ನಡುವೆ ಅಲ್ಲ. ಆ ಪರಿಶೀಲನೆಯ ಹೊತ್ತಿಗೆ ಗ್ರೇವ್‌ಯಾರ್ಡಿನಲ್ಲಿ ಮೂರನೆಯ ಬಗೆ ಸೇರಿರುವುದರಿಂದ ಟಾರ್ಮೊಗಾಯ್ಫ್ 3/4 ಆಗಿರುತ್ತದೆ. 3 ಹಾನಿ ಅದಕ್ಕೆ ಸಾಲುವುದಿಲ್ಲ. ಅಲ್ಲಿದ್ದ ಎರಡು ಬಗೆಗಳಲ್ಲಿ ಒಂದು ಇನ್‌ಸ್ಟಂಟೇ ಆಗಿದ್ದಿದ್ದರೆ, ಹೊಸ ಬಗೆ ಸೇರುತ್ತಿರಲಿಲ್ಲ, 2/3 ಟಾರ್ಮೊಗಾಯ್ಫ್ ಸಾಯುತ್ತಿತ್ತು. ಅಂದರೆ ಅಂದು ನಾನು ಉತ್ತರ ಹೇಳುವ ಮೊದಲು ಎರಡೂ ಗ್ರೇವ್‌ಯಾರ್ಡುಗಳಲ್ಲಿ ಏನಿದೆ ಎಂದು ಕೇಳಬೇಕಿತ್ತು.

ಅಂದಿನಿಂದ ನಾನು ಉತ್ತರಕ್ಕಿಂತ ಮೊದಲು ಪ್ರಶ್ನೆ ಕೇಳುತ್ತೇನೆ. ಆಟಗಾರರು ‘ಏನಾಗುತ್ತದೆ’ ಎಂದು ಕೇಳುತ್ತಾರೆ. ನನಗೆ ಬೇಕಾದುದು ‘ಯಾವಾಗ, ಯಾವುದರ ನಂತರ’ ಎಂಬ ವಿವರ. ಇದರ ಮೂಲ 1999ರಲ್ಲಿ ಬಂದ ಸ್ಟ್ಯಾಕ್ ಎಂಬ ವ್ಯವಸ್ಥೆಯಲ್ಲಿದೆ. ಮದುವೆಮನೆಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟ ಬಾಳೆಲೆಗಳಲ್ಲಿ ಕೊನೆಗೆ ಇಟ್ಟ ಎಲೆ ಮೊದಲು ಕೈಗೆ ಬರುವಂತೆ, ಕೊನೆಗೆ ಹಾಕಿದ ಸ್ಪೆಲ್ (ಮಂತ್ರವಾಗಿ ಬಳಸಿದ ಕಾರ್ಡ್) ಮೊದಲು ಫಲಿಸುತ್ತದೆ. ಹೊಸಬರು ಲೈಟ್ನಿಂಗ್ ಬೋಲ್ಟ್ ದೊಡ್ಡದೋ ಕ್ರೀಚರನ್ನು ಬೆಳೆಸುವ ಜಯಂಟ್ ಗ್ರೋತ್ ದೊಡ್ಡದೋ ಎಂದು ಕೇಳುವುದುಂಟು. 2/2 ಇರುವ ಗ್ರಿಜ್ಲಿ ಬೇರ್ಸ್ ಮೇಲೆ ಎದುರಾಳಿ ಬೋಲ್ಟ್ ಹಾಕಿದಾಗ ನೀವು ಪ್ರತಿಯಾಗಿ ಜಯಂಟ್ ಗ್ರೋತ್ ಹಾಕಿದರೆ, ಅದು ಮೊದಲು ಫಲಿಸಿ ಕರಡಿ 5/5 ಆಗುತ್ತದೆ, ಉಳಿಯುತ್ತದೆ. ನೀವು ಮೊದಲು ಜಯಂಟ್ ಗ್ರೋತ್ ಹಾಕಿ, ಅದಕ್ಕೆ ಪ್ರತಿಯಾಗಿ ಎದುರಾಳಿ ಬೋಲ್ಟ್ ಹಾಕಿದರೆ ಕರಡಿ ಸಾಯುತ್ತದೆ; ಟಾರ್ಗೆಟ್ ಇಲ್ಲದ ಜಯಂಟ್ ಗ್ರೋತ್ ವ್ಯರ್ಥವಾಗುತ್ತದೆ. ಕಾರ್ಡುಗಳು ಅವೇ, ಕ್ರಮ ಮಾತ್ರ ಬೇರೆ. ಪ್ರಾಡಿಗಲ್ ಸಾರ್ಸರರ್ ಎಂಬ ಮಾಂತ್ರಿಕ ಕ್ರೀಚರ್ 1 ಹಾನಿ ಮಾಡುವ ತನ್ನ ಶಕ್ತಿಯನ್ನು ಬಳಸಿದ ಮೇಲೆ ಆ ಮಾಂತ್ರಿಕನನ್ನು ಕೊಂದರೂ 1 ಹಾನಿ ತಪ್ಪುವುದಿಲ್ಲ ಎಂದಾಗ ಹಲವರು ಒಪ್ಪುವುದಿಲ್ಲ. ಬಿಲ್ಲುಗಾರ ಬಿದ್ದರೂ ಬಿಟ್ಟ ಬಾಣ ಹಿಂದಿರುಗದು ಎಂದು ಹೇಳಿದರೆ ಒಪ್ಪುತ್ತಾರೆ.

ಕನ್ನಡದಲ್ಲಿ ವಿವರಿಸುವಾಗ ಇನ್ನೊಂದು ತೊಡಕನ್ನು ಕಂಡಿದ್ದೇನೆ. ಆಟದ ಭರದಲ್ಲಿ ನಾವೆಲ್ಲರೂ ‘ಕಾರ್ಡ್ ಹೋಯಿತು’ ಎನ್ನುತ್ತೇವೆ. ನಾಶವಾದರೂ ಹೋಯಿತು, ಮಾಲೀಕನೇ ಬಲಿ ಕೊಟ್ಟರೂ ಹೋಯಿತು, ಎಕ್ಸೈಲ್ ಆದರೂ (ಗ್ರೇವ್‌ಯಾರ್ಡಿಗಲ್ಲ, ಆಟದಿಂದಲೇ ಹೊರಗೆ ಇಟ್ಟರೂ) ಹೋಯಿತು, ಕೈಗೆ ಮರಳಿದರೂ ಹೋಯಿತು. ನಿಯಮಗಳಿಗೆ ಇವು ನಾಲ್ಕೂ ಬೇರೆ ಬೇರೆ. ಇನ್‌ಡಿಸ್ಟ್ರಕ್ಟಿಬಲ್ ಎಂಬ ಗುಣವುಳ್ಳ ಕ್ರೀಚರ್ ನಾಶವಾಗುವುದಿಲ್ಲ, ಎಷ್ಟು ಹಾನಿಯಾದರೂ ಉಳಿಯುತ್ತದೆ; ಆದರೆ ಬಲಿಯಿಂದಾಗಲಿ ಎಕ್ಸೈಲಿನಿಂದಾಗಲಿ ಆ ಗುಣ ಅದನ್ನು ಕಾಪಾಡದು, ಟಫ್‌ನೆಸ್ ಸೊನ್ನೆಗೆ ಇಳಿದರೆ ಅದು ಸಾಯುತ್ತದೆ. ಆದ್ದರಿಂದ ‘ಹೋಯಿತು’ ಎಂದವರನ್ನು ಹೇಗೆ ಹೋಯಿತು ಎಂದು ಕೇಳಿ, ಕಾರ್ಡಿನ ಮೇಲಿನ ಕ್ರಿಯಾಪದವನ್ನೇ ಓದಿಸುತ್ತೇನೆ. ಅರ್ಧದಷ್ಟು ಸಂದೇಹಗಳು ಆ ಓದಿನಲ್ಲಿಯೇ ಕರಗುತ್ತವೆ.

ಓದುವುದೂ ಮುದ್ರಿತ ಕಾರ್ಡನ್ನಲ್ಲ, ಗ್ಯಾದರರ್ ಎಂಬ ಅಧಿಕೃತ ಸಂಗ್ರಹದಲ್ಲಿರುವ ಇಂದಿನ ಒರೇಕಲ್ ಪಠ್ಯವನ್ನು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಹೊರಬಂದದ್ದು. ನಿಯಮಗಳು ಅಂದಿನಿಂದ ಹಲವು ಸಲ ಬದಲಾಗಿವೆ. ಬಹುಕಾಲದ ಮೇಲೆ ಆಟಕ್ಕೆ ಮರಳಿದವರು ಕಾಳಗದ ಹಾನಿಯನ್ನು ಸ್ಟ್ಯಾಕಿನ ಮೇಲಿಟ್ಟು, ನಂತರ ಕ್ರೀಚರನ್ನು ಬಲಿ ಕೊಡಲು ನೋಡುತ್ತಾರೆ. 2009ರಲ್ಲಿಯೇ ಆ ಪದ್ಧತಿ ನಿಂತಿತು, ಬಳಸದ ಮಾನಾದಿಂದ ಪ್ರಾಣಾಂಕ ಕಳೆದುಕೊಳ್ಳುವ ನಿಯಮವೂ ಅದರೊಂದಿಗೆ ಹೋಯಿತು. ಅವರು ನೆನಪಿಟ್ಟುಕೊಂಡದ್ದು ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು; ಅದನ್ನು ಮೊದಲು ಒಪ್ಪಿಕೊಂಡು, ಬಳಿಕ ಬದಲಾವಣೆಯನ್ನು ತಿಳಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಕಾರ್ಡಿನ ಮಾತಿಗೂ ನಿಯಮದ ಮಾತಿಗೂ ವಿರೋಧ ಬಂದರೆ ಕಾರ್ಡಿನ ಮಾತು ಗೆಲ್ಲುತ್ತದೆ ಎಂಬುದು ಈ ಆಟದ ಮೊದಲ ಸೂತ್ರಗಳಲ್ಲೊಂದು. ವ್ಯಾಕರಣ ಓದಿದವರಿಗೆ ಇದು ಉತ್ಸರ್ಗಕ್ಕಿಂತ (ಸಾಮಾನ್ಯ ನಿಯಮಕ್ಕಿಂತ) ಅಪವಾದ ಬಲವಾದದ್ದೆಂಬ ಹಳೆಯ ಪರಿಚಿತ ಮಾತು. ಎರಡು ಕಾರ್ಡುಗಳೇ ಪರಸ್ಪರ ವಿರೋಧಿಸಿದಾಗ, ಒಂದು ‘ಮಾಡಬಹುದು’ ಎಂದೂ ಇನ್ನೊಂದು ‘ಮಾಡುವಂತಿಲ್ಲ’ ಎಂದೂ ಹೇಳಿದರೆ, ನಿಷೇಧವೇ ನಿಲ್ಲುತ್ತದೆ. ಇಷ್ಟಕ್ಕೂ ಬಗೆಹರಿಯದ ಪ್ರಕರಣಗಳಿವೆ. ಬ್ಲಡ್ ಮೂನ್ ಎಂಬ ಕಾರ್ಡ್ ವಿಶೇಷ (ಬೇಸಿಕ್ ಅಲ್ಲದ) ಲ್ಯಾಂಡುಗಳನ್ನೆಲ್ಲ ಮೌಂಟನ್ ಎಂಬ ಬಗೆಯ ಲ್ಯಾಂಡ್ ಮಾಡುತ್ತದೆ. ಅರ್ಬೋರ್ಗ್ ಪ್ರತಿಯೊಂದು ಲ್ಯಾಂಡಿಗೂ ಸ್ವಾಂಪ್ ಎಂಬ ಬಗೆಯನ್ನು ಸೇರಿಸುತ್ತದೆ, ಅದೂ ಒಂದು ವಿಶೇಷ ಲ್ಯಾಂಡೇ. ಎರಡೂ ಇದ್ದಾಗ, ಯಾವುದು ಮೊದಲು ಬಂದಿದ್ದರೂ, ಬ್ಲಡ್ ಮೂನ್ ಮೊದಲು ಅನ್ವಯವಾಗಿ ಅರ್ಬೋರ್ಗಿನ ಶಕ್ತಿಯನ್ನೇ ಅಳಿಸುತ್ತದೆ. ಒಂದರ ಅಸ್ತಿತ್ವ ಇನ್ನೊಂದನ್ನು ಅವಲಂಬಿಸಿದ್ದರೆ ಬಂದ ಕ್ರಮ ಲೆಕ್ಕಕ್ಕಿಲ್ಲ ಎಂಬ ಈ ನಿಯಮವನ್ನು ವಿವರಿಸಲು ನಾನು ಪ್ರತಿ ಸಲವೂ ಕಾಗದ ತೆಗೆದುಕೊಂಡು ಬರೆದೇ ತೋರಿಸುತ್ತೇನೆ.

ಕಟ್ಟುನಿಟ್ಟಾದ ಪಂದ್ಯದಲ್ಲಿ ಉತ್ತರಕ್ಕೂ ಒಂದು ಗಡಿಯಿದೆ. ಇತ್ತೀಚೆಗೆ ಒಬ್ಬ ಆಟಗಾರ್ತಿ ಕೈಯಲ್ಲಿ ಬೋಲ್ಟ್ ಹಿಡಿದು, ಮೇಜಿನಿಂದ ಸ್ವಲ್ಪ ದೂರಕ್ಕೆ ನನ್ನನ್ನು ಕರೆದು, ಎದುರಿನ ಟಾರ್ಮೊಗಾಯ್ಫ್ ಸಾಯುವುದೇ ಎಂದು ಮೆಲ್ಲನೆ ಕೇಳಿದಳು. ಎರಡೂ ಕಾರ್ಡುಗಳ ಒರೇಕಲ್ ಪಠ್ಯವನ್ನು ಓದಿ ಹೇಳಿದೆ, ಬೋಲ್ಟ್ ಯಾವ ಹಂತದಲ್ಲಿ ಗ್ರೇವ್‌ಯಾರ್ಡಿಗೆ ಸೇರುತ್ತದೆ ಎಂಬ ನಿಯಮವನ್ನು ಹೇಳಿದೆ. ಗ್ರೇವ್‌ಯಾರ್ಡುಗಳು ಇಬ್ಬರಿಗೂ ತೆರೆದಿವೆ, ಎಣಿಕೆ ನಿಮ್ಮದು ಎಂದೆ. ಆಕೆ ಹಿಂದಿರುಗಿ ಎದುರಾಳಿಯ ಗ್ರೇವ್‌ಯಾರ್ಡನ್ನು ಕೇಳಿ ಪಡೆದು, ಒಂದೊಂದೇ ಕಾರ್ಡನ್ನು ಬಗೆಯ ಪ್ರಕಾರ ಮೇಜಿನ ಮೇಲೆ ಹರಡತೊಡಗಿದಳು.