ಹತ್ತುಮೀನಿನ ಮಳೆಯಲ್ಲಿ ಆಗುಂಬೆಗೆ

ಜೂನ್ ಎರಡನೇ ವಾರ, ರಾತ್ರಿ ಹತ್ತಕ್ಕೆ ಮಾವನ ಫೋನು. "ಹಳ್ಳ ಏರಿದೆ, ಹತ್ತುಮೀನು ಶುರು. ನಾಳೆ ಬಂದ್ರೆ ಬಂದೆ, ಇಲ್ದಿದ್ರೆ ಮುಂದಿನ ವರ್ಷ."

ಬೆಳಿಗ್ಗೆ ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿದೆವು, ನಾನು ಮತ್ತು ಚಿಕ್ಕಮ್ಮನ ಮಗಳು. ಅವಳು ಓದುತ್ತಿರುವುದು ಮೀನುಗಳ ವಂಶವಾಹಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲ ಮಳೆಯೊಳಗೇ ಕಳೆದುಹೋದವು. ಕಿಟಕಿ ಸೋರಿ ನನ್ನ ಪ್ಯಾಂಟು ಒದ್ದೆ.

ಮಾವನ ಮನೆ ಆಗುಂಬೆ ದಾರಿಯಲ್ಲಿ. ಕತ್ತಲಾದ ಮೇಲೆ ಕಂಬಳಿಕೊಪ್ಪೆ ಹೊದ್ದು, ಬ್ಯಾಟರಿ ಹಿಡಿದು ಗದ್ದೆ ಅಂಚಿಗೆ ಇಳಿದೆವು. ಹೊಳೆಯ ಮೀನು ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತುವ ಕಾಲ ಅದು. ಪಾದ ಮುಳುಗದಷ್ಟು ನೀರಿನಲ್ಲಿ ಬೆನ್ನು ತೋರಿಸುತ್ತಾ ಎದುರಿಗೇ ನುಗ್ಗುತ್ತವೆ. ಮಾವ ಮೀನು ಹಿಡಿಯುವ ಕೂಣಿ ಒಡ್ಡಿದ್ದ. ಮೊಟ್ಟೆ ತುಂಬಿದ ಮೀನನ್ನೇ ಹಿಡಿಯುವುದು ನನಗೆ ಸರಿ ಕಾಣಲಿಲ್ಲ. ಹೇಳಿದರೆ, "ಮರುದಿನ ಸಾರು ಬೇಡ ಅನ್ನು, ಆಮೇಲೆ ಕೇಳ್ತೀನಿ" ಅಂದ. ಸುಮ್ಮನಾದೆ.

ಕಾಲಿಗೆ ಅಂಟಿದ ಉಂಬಳ (ಜಿಗಣೆ) ಕೀಳುತ್ತಾ ಜಗುಲಿಯಲ್ಲಿ ಕೂತಾಗ ತಂಗಿ ಶುರುಮಾಡಿದಳು. "ಮಾವ, ಹವಾಯಿಯಲ್ಲಿ ಓಓಪು ಅಂತ ಮೀನಿದೆ. ಅದು ಜಲಪಾತವನ್ನೇ ಹತ್ತುತ್ತೆ." ಅಲ್ಲಿನ ಅಕಾಕಾ ಜಲಪಾತ 442 ಅಡಿ, ನಮ್ಮ ಜೋಗದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಬೆರಳುದ್ದವೂ ಇಲ್ಲದ ಮರಿಗಳು ಒದ್ದೆ ಬಂಡೆಗೆ ಅಂಟಿಕೊಂಡು ಮೇಲೇರುತ್ತವಂತೆ. ಹೊಟ್ಟೆಯಡಿಯ ರೆಕ್ಕೆಗಳು ಕೂಡಿ ಬಟ್ಟಲಿನಂತಾಗಿವೆ, ಅದೇ ಹಿಡಿತ. ಒಂದು ಜಾತಿಯಂತೂ ಒಮ್ಮೆ ಬಾಯಿ, ಒಮ್ಮೆ ಆ ಬಟ್ಟಲು ಅಂಟಿಸುತ್ತಾ ತೆವಳುತ್ತದೆ.

"ಮರಿ ಕೆಳಗೆ ಯಾಕೆ ಹೋಗಿತ್ತು?" ಮಾವನ ಪ್ರಶ್ನೆ ನೇರ.

ಮೊಟ್ಟೆ ಒಡೆದ ಕೂಡಲೇ ಮರಿ ನೀರಿನ ಜೊತೆ ಸಮುದ್ರಕ್ಕೆ ಕೊಚ್ಚಿಹೋಗುತ್ತದೆ. ಕೆಲವೇ ದಿನಗಳಲ್ಲಿ ಉಪ್ಪುನೀರು ಸಿಗದಿದ್ದರೆ ಬದುಕುವುದಿಲ್ಲ. ತಿಂಗಳುಗಟ್ಟಲೆ ಕಡಲಲ್ಲಿ ತೇಲಿ, ಬೆಳೆದು, ಯಾವುದೋ ಹೊಳೆಬಾಯಿಗೆ ಬಂದು ಸೇರುತ್ತದೆ. ಹುಟ್ಟಿದ ಹೊಳೆಗೇ ಬರಬೇಕೆಂದಿಲ್ಲ. ಬೇರೆ ದ್ವೀಪವೂ ಆದೀತು. ಹಾಗಾಗಿ ದೂರದೂರದ ದ್ವೀಪಗಳ ಮೀನುಗಳ ವಂಶವಾಹಿ ಪರೀಕ್ಷಿಸಿದರೆ ಹೆಚ್ಚು ವ್ಯತ್ಯಾಸವೇ ಸಿಗಲಿಲ್ಲ. ಎಲ್ಲ ಒಂದೇ ನೆಂಟಸ್ತಿಕೆ. ಮೀನಿನ ಕಿವಿಯೊಳಗಿನ ಸಣ್ಣ ಕಲ್ಲಿನಲ್ಲಿ ದಿನಕ್ಕೊಂದು ಗೆರೆ ಮೂಡುತ್ತದೆ, ಎಷ್ಟು ದಿನ ಕಡಲಲ್ಲಿತ್ತು ಅಂತ ಅದನ್ನು ಎಣಿಸಿ ಹೇಳುತ್ತಾರೆ. ಆದರೆ ಹಿಂದೆ ಕಬ್ಬಿನ ತೋಟಕ್ಕೆ ಹೊಳೆ ತಿರುಗಿಸಿದ್ದ ಕಡೆ ಮರಿ ಇಳಿಯಲೂ ದಾರಿಯಿರಲಿಲ್ಲ, ಹತ್ತಲೂ ದಾರಿಯಿರಲಿಲ್ಲ.

ಮರುದಿನ ಆಗುಂಬೆ. ಮಂಜಿನಲ್ಲಿ ಸೂರ್ಯಾಸ್ತದ ಕಟ್ಟೆಯೇ ಕಾಣಲಿಲ್ಲ. ನನಗೆ ಬೇಕಾಗಿದ್ದದ್ದು ಅದಲ್ಲ. ಘಟ್ಟದ ಈಚೆ ಬಿದ್ದ ಮಳೆ ಮಾಲತಿ, ತುಂಗೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ. ಆಚೆ ಬಿದ್ದದ್ದು ಸೀತೆಯಾಗಿ ಅರಬ್ಬೀ ಸಮುದ್ರಕ್ಕೆ. ಕೂಗಳತೆ ದೂರದ ಎರಡು ಹಳ್ಳ, ಅವುಗಳ ಮೀನು ಭೇಟಿಯಾಗುವ ದಾರಿಯೇ ಇಲ್ಲ. ಅಲ್ಲಿ ಹವಾಯಿಯಲ್ಲಿ ಸಾಗರ ದ್ವೀಪಗಳನ್ನು ಸೇರಿಸುತ್ತದೆ, ಇಲ್ಲಿ ಒಂದು ಏಣು ಸಾಕು ಬೇರೆ ಮಾಡಲು. "ಹಾಗಾದ್ರೆ ಎರಡೂ ಕಡೆಯ ಮೀನು ಬೇರೆ ಬೇರೆನಾ?" ಅಂತ ಕೇಳಿದೆ. "ಸಮುದ್ರ ಮುಟ್ಟದ ಮೀನಾದ್ರೆ, ಅದನ್ನೇ ನೋಡಬೇಕಣ್ಣ" ಅಂದಳು.

ಮಾವ ರಸ್ತೆ ಬದಿ ಚರಂಡಿ ತೋರಿಸಿದ. "ಇದ್ಯಾವ ಕಡೆಗೆ ಹೋಗುತ್ತೆ ಹೇಳು ನೋಡೋಣ?"

ಒಣಗಿದ ಎಲೆಯೊಂದನ್ನು ಬಿಟ್ಟೆವು. ಅದು ಸ್ವಲ್ಪ ದೂರ ಹೋಗಿ ಕಸಕ್ಕೆ ಸಿಕ್ಕಿಕೊಂಡಿತು. ಮಳೆ ಜೋರಾಯಿತು, ಓಡಿ ಹೋಟೆಲಿನೊಳಗೆ ನುಗ್ಗಿದೆವು.